ಏರಿಯ ಮೇಲಿನ ಹುತ್ತ

ನಾನು ಮೊದಲೇ ಪುಕ್ಕಲಿ. ಲಿಂಗಂಪಲ್ಲಿಯ ನಮ್ಮ ಮನೆಯ ಮೇಲೆ ನಾಲ್ಕು ಹನಿ ಬಿದ್ದರೂ ತೆಲುಗು ಸೀಮೆಯಲ್ಲಿರುವ ಅಕ್ಕನ ಊರಿನ ಕೆರೆ ಕಣ್ಣ ಮುಂದೆ ಬರುತ್ತದೆ. ಬರೀ ಮಣ್ಣಿನ ಏರಿ. ಅದರ ಕೆಳಗೆ ಭತ್ತದ ಗದ್ದೆಗಳು, ಗದ್ದೆಗಳ ಅಂಚಿಗೇ ಅಕ್ಕನ ಮನೆ.

ಆ ಏರಿಯ ಮೇಲೊಂದು ಹುತ್ತವಿತ್ತು. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗದೆ ಅಕ್ಕ ಅದಕ್ಕೆ ಹರಕೆ ಹೊತ್ತು ಹಾಲೆರೆದಳು, ಮಗಳು ಹುಟ್ಟಿದಳು. ಮುಗಿಯಿತಲ್ಲ! ಪಂಚಮಿ ಬಂತೆಂದರೆ ಊರಿನ ಹೆಂಗಸರೆಲ್ಲ ಹಾಲು, ಅರಿಶಿನ ಹಿಡಿದು ಏರಿ ಹತ್ತತೊಡಗಿದರು. ಹುತ್ತ ಬೆಳೆದರೆ ಏರಿ ಒಳಗೊಳಗೇ ಪೊಳ್ಳಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ರಿಪೇರಿಗೆ ಬಂದವರು ಉಳಿದ ಕಡೆಯೆಲ್ಲ ಮಣ್ಣು ಬಡಿದು, ಹುತ್ತಕ್ಕೆ ಮಾತ್ರ ಕೈಮುಗಿದು ಹೋದರು. ನಾನೂ ಕೈಮುಗಿದವಳೇ.

ಅಕ್ಕನ ಮಗಳು ಈಗ ನಮ್ಮ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಾಳೆ. ಕಳೆದ ಮಳೆಗಾಲದಲ್ಲಿ ಅವಳೊಂದಿಗೆ ಊರಿಗೆ ಹೋದಾಗ ಕೆರೆ ತುಂಬಿ ಕೋಡಿ ಹರಿಯುತ್ತಿತ್ತು. ಬೆಳಗ್ಗೆ ಚಹಾ ಕುಡಿಯುತ್ತಿರುವಾಗ ಅಕ್ಕನ ಗಂಡ, ನಮ್ಮ ಮಾವ, ಓಡಿ ಬಂದರು.

"ಹುತ್ತದ ಕೆಳಗ ನೀರು ಒಸರಾಕತ್ತೈತಿ. ತಿಳಿ ನೀರಲ್ಲ, ಕೆಂಪು! ಏರಿ ಮಣ್ಣು ಕರಗಾಕತ್ತೈತಿ!"

ಹೋಗಿ ನೋಡಿದರೆ ಊರಿಗೆ ಊರೇ ಏರಿಯ ಮೇಲಿದೆ. ತೂಬು ತೆರೆದಾಗಿದೆ, ಮರಳಿನ ಚೀಲ ತುಂಬಿಟ್ಟಾಗಿದೆ. ಇನ್ನು ಹುತ್ತ ಒಡೆದು ಪೊಳ್ಳಿಗೆ ಜೇಡಿಮಣ್ಣು ತುರುಕಬೇಕು, ಒಡೆಯುವವರಿಲ್ಲ. ತೆಲುಗಿನಲ್ಲಿ 'ನೀನು ಹೊಡಿ, ನೀನು ಹೊಡಿ' ಎನ್ನುತ್ತ ಗುದ್ದಲಿ ದಾಟಿಸುತ್ತಿದ್ದಾರೆ. ಸಿಟ್ಟು ನೆತ್ತಿಗೇರಿತು. ಆದರೆ ನನ್ನ ಕೈಯೂ ಮುಂದೆ ಬರಲಿಲ್ಲ, ಏನು ಮಾಡಲಿ?

ಕಡೆಗೆ ಗುದ್ದಲಿ ಹಿಡಿದವಳು ಅಕ್ಕನ ಮಗಳು. "ಸರೀರಿ ಎಲ್ಲಾರೂ, ನಾ ಒಡೀತೀನಿ."

ಅಕ್ಕ ಹಾರಿ ಬಂದು ಕಸಿದುಕೊಂಡಳು. "ನೀ ಮುಟ್ಟಬ್ಯಾಡ! ದೂರ ನಿಲ್ಲು. ಏನ ಬರೂದಿದ್ರೂ ನನಗ ಬರ್ಲಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ, "ತಪ್ಪಾತಪ್ಪಾ, ನನ್ನ ತಂದಿ" ಎನ್ನುತ್ತ ಒಂದೇ ಸಮನೆ ಹೊಡೆದಳು. ಆಮೇಲೆ ಊರಿನ ಕೈಗಳೆಲ್ಲ ಕೂಡಿದವು. ಹಾವು ಮಾತ್ರ ಹೊರಗೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಸರು ತಿಳಿಯಾಯಿತು, ಸಂಜೆಗೆ ನಿಂತೇ ಹೋಯಿತು.

ಎಲ್ಲರೂ ನಕ್ಕರು, ಚಹಾ ಬಂತು. ಅಕ್ಕ ಮುಟ್ಟಲಿಲ್ಲ. ಮಗಳ ಹಣೆ, ಕುತ್ತಿಗೆ ಮುಟ್ಟಿ ಮುಟ್ಟಿ ನೋಡುತ್ತಿದ್ದವಳು ನನ್ನ ಕಿವಿಯಲ್ಲಿ, "ಕೊಟ್ಟಾಂವ ತಿರುಗಿ ಕೇಳಿದ್ರ ಏನ ಮಾಡ್ಲಿ ತಂಗಿ?" ಎಂದಳು. ಹುಚ್ಚಿ, ಹಾಗೆಲ್ಲ ಅನ್ನಬೇಡ ಎಂದು ಬೈದೆ. ಬೈಯುತ್ತಲೇ ನಾನೂ ಹುಡುಗಿಯ ಹಣೆ ಮುಟ್ಟಿ ನೋಡಿದೆ.

ಈಗ ಏರಿ ಗಟ್ಟಿಯಾಗಿದೆ. ನನ್ನ ಫೋನು ಮಾತ್ರ ದಿನಾ ಬೆಳಗ್ಗೆ ಹಾಲಿನವನಿಗಿಂತ ಮೊದಲು ಬಡಿದುಕೊಳ್ಳುತ್ತದೆ. ನನ್ನ ಕ್ಷೇಮ ಕೇಳುವುದಕ್ಕಲ್ಲ.

"ಹುಡುಗಿ ಎದ್ದಾಳೇನ?"

"ಮಲಗ್ಯಾಳ ಬಿಡಕ್ಕ, ಆರಾಮ ಅದಾಳ" ಎನ್ನುತ್ತೇನೆ. ಹಾಗೆನ್ನುವ ಮೊದಲು ಅವಳ ಕೋಣೆಗೆ ಹೋಗಿ, ಉಸಿರಾಡುತ್ತಿದ್ದಾಳೆಯೇ ಎಂದು ನೋಡಿಕೊಂಡೇ ಬರುತ್ತೇನೆ.