ಗಡಸು ನೀರಿನ ಆಸಿಡ್ಡಮ್ಮ

ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದ ಆಸಿಡ್ಡಮ್ಮ, ಸೇವೆ ಎಂಬ ಮಾತು ಕಿವಿಗೆ ಬಿದ್ದರೆ ಮೂಗು ಮುರಿಯುತ್ತಿದ್ದಳು. ವೇದಿಕೆ ಮೇಲೆ ಸೇವೆ ಸೇವೆ ಎಂದು ಬಾಯಿ ಬಡಿದುಕೊಳ್ಳುವವರೆಲ್ಲ ಕೆಳಗಿಳಿದ ಮೇಲೆ ಸೇವನೆಗೇ ಕೂರುವವರು ಎಂಬುದು ಅವಳ ಅನುಭವ. ಹಳ್ಳಿಗೆ ಬಂದದ್ದೂ ಯಾರನ್ನೂ ಉದ್ಧರಿಸಲಿಕ್ಕಲ್ಲ. ಪೇಟೆಯ ನಿವೃತ್ತ ಸಹೋದ್ಯೋಗಿಗಳ ಸಕ್ಕರೆ ಕಾಯಿಲೆಯ ಪುರಾಣ ಕೇಳಲಾರದೆ. ಹಿಟ್ಟಿನ ಗಿರಣಿಯ ಪಕ್ಕ ಪಂಚಾಯಿತಿ ಅಧ್ಯಕ್ಷನದೊಂದು ಕೋಣೆ ಬಾಡಿಗೆಗೆ ಹಿಡಿದಳು. ಒಲೆಕಟ್ಟೆಯ ಅರ್ಧ ಅಡುಗೆಗೆ, ಇನ್ನರ್ಧ ಬಾಟಲಿಗಳಿಗೆ. ಗಿರಣಿ ಶುರುವಾದರೆ ಬಾಟಲಿಗಳು ಕಟಕಟ ಹಲ್ಲು ಕಡಿಯುತ್ತಿದ್ದವು. ಊರವರು ತಂದುಕೊಟ್ಟ ಮಣ್ಣು, ನೀರು, ಗೊಬ್ಬರ ಎಲ್ಲವನ್ನೂ ಬೈದುಕೊಂಡೇ ಪರೀಕ್ಷಿಸಿ ಕೊಡುತ್ತಿದ್ದಳು.

ಗಿರಣಿಯವಳ ಮೊಮ್ಮಗಳ ಹಲ್ಲಿನ ಮೇಲೆ ಕಂದು ಗೆರೆ, ಮಂಡಿ ಒಳಕ್ಕೆ ಬಾಗುತ್ತಿತ್ತು. ಆಸಿಡ್ಡಮ್ಮ ಅಧ್ಯಕ್ಷ ಕೆಲವು ವರ್ಷದ ಹಿಂದೆ ಹಾಕಿಸಿದ್ದ ಬೋರ್‌ವೆಲ್ ನೀರಿಗೆ ಗುಲಾಬಿ ದ್ರಾವಣ ಬೆರೆಸಿದಳು. ಅದು ಹಳದಿಗೆ ತಿರುಗಿತು. ಫ್ಲೋರೈಡ್. ಅಂದೇ ಬೋರ್‌ವೆಲ್ ಪಕ್ಕ ಹಲಗೆ ನೆಟ್ಟಳು: "ಗಡಸು ನೀರು. ಫ್ಲೋರೈಡ್ ಇದೆ. ಕುಡಿಯಬೇಡಿ."

ಅಧ್ಯಕ್ಷ ಕುತಂತ್ರಿ, ಪೆದ್ದನಲ್ಲ. ಹಲಗೆ ಕೀಳಲಿಲ್ಲ. ಫ್ಲೋರೈಡ್ ಇದೆ, ಕುಡಿಯಬೇಡಿ ಎಂಬೆರಡು ಮಾತಿಗೆ ಬಣ್ಣ ಬಳಿಸಿ, ಉಳಿದ "ಗಡಸು ನೀರು" ಕೆಳಗೆ "ಪ್ರೊಫೆಸರ್ ಪರೀಕ್ಷಿಸಿದ್ದು" ಎಂದು ಸೇರಿಸಿದ. ಬೋರ್‌ವೆಲ್ ಮುಂದೆ ಕೊಡಗಳ ಸಾಲು ಬೆಳೆಯಿತು.

ಆಸಿಡ್ಡಮ್ಮ ಬಂದು ನೋಡಿದರೆ ಸಾಲಿನಲ್ಲಿ ಗಿರಣಿಯವಳೂ ಇದ್ದಳು.

"ಏನೇ, ಕಣ್ಣು ಕುರುಡಾ? ಮಗೀಗೆ ಇದನ್ನ ಕುಡಿಸ್ತೀಯಾ?"

"ಗಡಸು ಅಂತ ನೀವೇ ಬರೆದಿದ್ದೀರಲ್ಲಮ್ಮಾ! ಕಾಲು ಮೆತ್ತಗೆ ಬಾಗ್ತಿದೆ, ಗಡಸಾಗ್ಲಿ ಅಂತ ದಿನಾ ಎರಡು ಚೊಂಬು ಜಾಸ್ತಿ ಕುಡಿಸ್ತಿದೀನಿ."

"ಗಡಸು ಅಂದ್ರೆ ಸೋಪು ನೊರೆ ಬರದ ನೀರು ಕಣೇ, ಕತ್ತೆ!"

"ಹಂಗಂತ ಬರೀಬೇಕಿತ್ತು. ನಾವೇನು ನಿಮ್ಮ ಕಾಲೇಜಿಗೆ ಬಂದಿದ್ವಾ?"

ಆಸಿಡ್ಡಮ್ಮ ತಿರುಗಿ ಹಲಗೆ ನೋಡಿದಳು. ತರಗತಿಯ ಪದವನ್ನು ಬೀದಿಗೆ ತಂದು ನಿಲ್ಲಿಸಿದ ಕತ್ತೆ ಯಾರೆಂದು ತಿಳಿಯಲು ಪರೀಕ್ಷೆ ಬೇಕಿರಲಿಲ್ಲ. ಗಿರಣಿಯಿಂದ ಕಪ್ಪು ಬಣ್ಣದ ಡಬ್ಬಿ ತರಿಸಿ ಹಲಗೆಗೆಲ್ಲ ಬಳಿದಳು. ಒಣಗುವುದನ್ನೂ ಕಾಯದೆ ಸುಣ್ಣದಲ್ಲಿ ಬೆರಳದ್ದಿ ದಪ್ಪಗೆ ಬರೆದಳು: "ಮಕ್ಕಳ ಕಾಲು ಸೊಟ್ಟ ಮಾಡುವ ನೀರು."

ಅಷ್ಟರಲ್ಲಿ ಅಧ್ಯಕ್ಷನ ಬೈಕು ಬಂತು. "ಸೊಟ್ಟ ಅನ್ನೋದು ಯಾವ ಸೈನ್ಸಿನ ಪದ ಮೇಡಂ?"

"ನಿನ್ನ ಬುದ್ಧಿ ನೋಡಿ ಹೊಳೀತು."

ಸಾಲಿನಲ್ಲಿದ್ದವರು ಕಿಸಕ್ಕೆಂದರು. ಅಧ್ಯಕ್ಷನ ಮುಖ ಕೆಂಪೇರಿತು. "ನಾಳೆಯೊಳಗೆ ಕೋಣೆ ಖಾಲಿ ಮಾಡಿ. ಊರಿನ ಮರ್ಯಾದೆ ತೆಗೆಯೋರಿಗೆ ಜಾಗ ಇಲ್ಲ."

"ಇದ್ದರಲ್ಲವೇನಪ್ಪಾ ತೆಗೆಯೋಕೆ?"

ನಗುವುದು ಸುಲಭ. ಕೊಡ ಕೆಳಗಿಡುವುದು ಸುಲಭವಲ್ಲ. ಕುಡಿಯುವಂಥ ನೀರಿದ್ದ ಹಳೆ ಬಾವಿ ಊರಾಚೆ, ಏರು ದಾರಿ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ಜಾಗ ಬಿಡದೆ ನಿಂತರು. ಈ ಕುರಿಮಂದೆಗಾಗಿ ಬಾಡಿಗೆ ಕೋಣೆಯನ್ನೂ ಕಳೆದುಕೊಂಡೆನಲ್ಲ ಎಂದು ಆಸಿಡ್ಡಮ್ಮನಿಗೆ ಮೈ ಉರಿಯಿತು.

ಕಡೆಗೆ ಗಿರಣಿಯವಳು ತನ್ನ ಕೊಡ ಬೋರಲು ಹಾಕಿದಳು. "ನಿಮ್ಮ ಬಾಟಲಿ ಗಿರಣಿ ಹಿಂದಿನ ಕೋಣೇಲಿ ಇಟ್ಕೊಳ್ಳಿ. ಆದ್ರೆ ಆ ಏರು ಹತ್ತೋವಾಗೆಲ್ಲ ನಿಮ್ಮನ್ನ ಬೈಯ್ತೀನಿ, ಈಗ್ಲೇ ಹೇಳಿದೀನಿ."

"ಬೈಯೇ. ಇನ್ನೊಂದು ಕೊಡ ಕೊಡೇ ಇಲ್ಲಿ."

ಇಬ್ಬರೂ ಹೊರಟರು. ಹಿಂದೆ ಸಾಲು ಇನ್ನೂ ನಿಂತೇ ಇತ್ತು.