ಕನ್ನಡಿಯ ಹಣೆ

ಬೆಳಗಾವಿಯಿಂದ ಪುಣೆಗೆ ಮುನ್ನೂರ ನಲವತ್ತು ಕಿಲೋಮೀಟರ್. ಜನವರಿಯ ಚಳಿಯಲ್ಲಿ ಬೆಳಿಗ್ಗೆ ಏಳಕ್ಕೆ ಕೆಂಪು ಬಸ್ಸು ಹತ್ತಿದೆ. ತೊಡೆಯ ಮೇಲೆ ಅವ್ವನ ಹಳೆಯ ಸೀರೆಯಲ್ಲಿ ಸುತ್ತಿದ ಆರು ಇಂಚಿನ ಕನ್ನಡಿ, ಕಾಲ ಸಂದಿಯಲ್ಲಿ ಎರಡೂವರೆ ಅಡಿಯ ಪಿವಿಸಿ ಪೈಪು. ಎರಡನ್ನೂ ಜೋಡಿಸಿದರೆ ದೂರದರ್ಶಕ. ಕಂಡಕ್ಟರಿಗೆ ಅದು ಹೇಗೆ ತಿಳಿಯಬೇಕು?

"ಬೋರಿನ ಪೈಪ್ ಏನ್ರಿ? ಲಗೇಜ್ ತಗೋಬೇಕಾಗ್ತದ."

"ಇಲ್ರಿ, ಚುಕ್ಕಿ ನೋಡೋದು."

ಆತ ನನ್ನನ್ನೊಮ್ಮೆ, ಪೈಪನ್ನೊಮ್ಮೆ ನೋಡಿ, "ಚುಕ್ಕಿಗೆ ಟಿಕೆಟ್ ಇಲ್ಲ, ಕೂಡ್ರಿ," ಎಂದು ಮುಂದೆ ಹೋದ.

ಕನ್ನಡಿ ನನ್ನ ಕೈಯಲ್ಲೇ ಆದದ್ದು. ಗಾಜಿನ ಮೇಲೆ ಗಾಜನ್ನಿಟ್ಟು ಏಳು ತಿಂಗಳು ತಿಕ್ಕಿದ್ದೆ. ಗುರು ಯಾರೂ ಇರಲಿಲ್ಲ. ಊರ ಲೈಬ್ರರಿಯಲ್ಲಿ ಸಿಕ್ಕ ಒಂದು ಹರಿದ ಪುಸ್ತಕವಿತ್ತು, ಅಷ್ಟೇ. ಬೆಳ್ಳಿಯಂತೆ ಹೊಳೆಯುವ ಲೇಪನವನ್ನೂ ಹಾಕಿಸಿ ತಂದು ಮೊದಲ ಚುಕ್ಕಿ ನೋಡಿದರೆ, ಅದಕ್ಕೊಂದು ಬಾಲ! ಎಲ್ಲ ಚುಕ್ಕಿಗಳಿಗೂ ಒಂದೇ ಕಡೆಗೆ ಬಾಲ. ಅದನ್ನು ನೋಡಿದ ಕಾಲೇಜಿನ ಮೇಷ್ಟ್ರೊಬ್ಬರು, "ಕನ್ನಡೀನ ಕೆಟ್ಟದ, ಮತ್ತ ತಿಕ್ಕು," ಎಂದುಬಿಟ್ಟರು. ಮತ್ತೆ ಏಳು ತಿಂಗಳು! ಆಗಲೇ ನಮ್ಮ ಓಣಿಯ ಔಷಧಿ ಅಂಗಡಿಯವರು ಪುಣೆಯಲ್ಲಿರುವ ತಮ್ಮ ಅಕ್ಕ ಸುಶೀಲಾಬಾಯಿಯವರ ವಿಳಾಸ ಕೊಟ್ಟರು. ಆಕೆ ಅಲ್ಲೇ ಹತ್ತಿರದ ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಲೆನ್ಸು, ಕನ್ನಡಿಗಳನ್ನು ತಪಾಸಣೆ ಮಾಡಿದವರು. ಆಕೆಯೂ ಕೆಟ್ಟದೆಂದರೆ ಇದನ್ನು ಇಲ್ಲಿಗೇ ಬಿಡುವುದೆಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

ಕೊಲ್ಹಾಪುರದಲ್ಲಿ ಮಿಸಳ ತಿಂದೆ. ಸಾತಾರಾದವರೆಗೂ ನಾಲಿಗೆ ಉರಿಯಿತು. ನಾಲ್ಕರ ಹೊತ್ತಿಗೆ ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣ. ಅಲ್ಲಿಂದ ಕೋಥರೂಡಿನ ಸಿಟಿ ಬಸ್ಸಿನಲ್ಲಿ ಪೈಪನ್ನು ಮಗುವಿನಂತೆ ಎತ್ತಿಕೊಂಡು ನಿಂತೇ ಹೋದೆ.

ಸುಶೀಲಾಬಾಯಿ ಕಾಕು ಬಾಗಿಲು ತೆರೆದವರೇ ನೀರು ಕೊಡುವ ಮೊದಲು ಕನ್ನಡಿ ಕೇಳಿದರು. ಅಂಚು ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿ, ಬಹಳ ಹೊತ್ತು ನೋಡಿದರು. "ನಾಳೆ ಬಿಸಲಾಗ ನೋಡೋಣು," ಎಂದಷ್ಟೇ ಹೇಳಿದರು. ಅವರ ಯಜಮಾನರು ರಾಮರಾವ ಕಾಕಾ ನಕ್ಕರು. "ನಾ ಕನ್ಯಾ ನೋಡ್ಲಿಕ್ಕೆ ಹೋದಾಗೂ ಹಿಂಗ ಅಂದಿದ್ಳಪಾ. ಇನ್ನೂ ಪಾಸ್ ಮಾಡಿಲ್ಲ."

ಮರುದಿನ ರೊಟ್ಟಿ, ಶೇಂಗಾ ಚಟ್ನಿ ಮುಗಿಸಿ ಮಾಳಿಗೆಗೆ ಹೋದೆವು. ಕಾಕು ಕಾಕಾನ ಕೈಗೊಂದು ಕಪ್ಪು ಬಟ್ಟೆ, ಅದರ ನಡುವೆ ಅಂಟಿಸಿದ ಬೇರಿಂಗಿನ ಉಕ್ಕಿನ ಗುಂಡು ಕೊಟ್ಟು ಆಚೆಯ ಕಟ್ಟಡದ ಮಾಳಿಗೆಗೆ ಅಟ್ಟಿದರು. ಬಿಸಿಲು ಆ ಗುಂಡಿನ ಮೇಲೆ ಬಿದ್ದು ಹೊಳೆದರೆ ದೂರದಿಂದ ಚುಕ್ಕಿಯೇ. ಹಗಲಲ್ಲಿ ಚುಕ್ಕಿ! ಇದು ನನ್ನ ಹರಿದ ಪುಸ್ತಕದಲ್ಲಿ ಇರಲಿಲ್ಲ. ಆಚೆ ಹಪ್ಪಳ ಒಣಗಿಸುತ್ತಿದ್ದ ಹೆಂಗಸು "ಕಾಯ್ ಝಾಲಂ, ಕಾಕಾ?" ಏನಾಯಿತೆಂದು ಕೇಳಿದಳು. ಏನೂ ಇಲ್ಲ, ಹೆಂಡತಿ ನಿಲ್ಲಿಸಿದ್ದಾಳೆ ಎಂದು ಕಾಕಾ ಮರಾಠಿಯಲ್ಲಿ ಕೂಗಿ ಹೇಳಿದ್ದು ನಮಗೂ ಕೇಳಿಸಿತು.

ಮೊದಲು ಕನ್ನಡಿ ಸರಿಯಾಗಿ ಕೂತಿದೆಯೇ ಎಂದು ನೋಡಬೇಕು. ಅದಕ್ಕೆ ನನ್ನ ಹತ್ತಿರ ಕ್ಯಾಮೆರಾ ರೀಲಿನ ಡಬ್ಬಿಯಿತ್ತು. ಮುಚ್ಚಳದ ನಡುವೆ ಕಣ್ಣಿಡಲು ತೂತು, ಒಳಗೆ ಓರೆಯಾಗಿ ನಿಲ್ಲಿಸಿದ, ನಡುವೆ ತೂತಿರುವ ಹೊಳೆಯುವ ತಗಡು, ಪಕ್ಕದಲ್ಲಿ ಬೆಳಕಿಗೊಂದು ಕಿಂಡಿ. ಕಿಂಡಿಯಿಂದ ಬಂದ ಬೆಳಕು ತಗಡಿಗೆ ಬಡಿದು, ಪೈಪಿನ ಬಾಯಿಯ ಹತ್ತಿರದ ಸಣ್ಣ ಓರೆಗನ್ನಡಿಯಿಂದ ಕೊಳವೆಗಿಳಿದು, ದೊಡ್ಡ ಕನ್ನಡಿಯಿಂದ ಪ್ರತಿಫಲಿಸಿ ಕಣ್ಣಿಗೇ ವಾಪಸ್ಸು ಬರುತ್ತದೆ. ಆಗ ಒಂದು ಬೆಳ್ಳನೆಯ ಬಿಲ್ಲೆ, ಅದರ ನಡುವೆ ಕಪ್ಪು ಚುಕ್ಕೆ ಕಾಣುತ್ತದೆ. ಆ ಚುಕ್ಕೆ ದೊಡ್ಡ ಕನ್ನಡಿಯ ನಡುವಿನ ಗುರುತಿನ ಮೇಲೆ ಬರುವವರೆಗೆ ಹಿಂದಿನ ಮೂರು ಸ್ಕ್ರೂ ತಿರುಗಿಸುವುದು. ಗುರುತಿಗೆ ನಾನು ಅಂಟಿಸಿದ್ದು ಹಣೆಯ ಟಿಕಳಿ.

ಕಾಕು ಡಬ್ಬಿಗೆ ಕಣ್ಣಿಟ್ಟರು. "ಕರೀ ಚುಕ್ಕಿ ಟಿಕಳಿ ಮ್ಯಾಲೆ ಬರೋಬ್ಬರಿ ಕೂತದ. ಕೈ ಛಲೋ ಅದ ನಿಂದು."

ಆ ಹೊಗಳಿಕೆಯೇ ನನಗೆ ಬೇಡವಾಗಿತ್ತು. ಜೋಡಣೆ ಸರಿಯಿದ್ದರೆ ಕೆಟ್ಟದ್ದು ಕನ್ನಡಿಯೇ ತಾನೆ? ಡಬ್ಬಿ ತೆಗೆದು ಲೆನ್ಸು ಹಾಕಿ ಉಕ್ಕಿನ ಗುಂಡು ನೋಡಿದರೆ, ಅದೇ ಬಾಲ. "ಬಿಡ್ರಿ ಕಾಕು," ಎಂದೆ.

"ಯಾಕ ಬಿಡೂದು? ತಿರುಗಿಸಿ ನೋಡದ ಫೇಲ್ ಮಾಡಬಾರದು, ನಮ್ಮ ಸೆಕ್ಷನ್ನಿನ ರೂಢಿ," ಎಂದು ಅವರು ಕನ್ನಡಿಯ ಕ್ಲಿಪ್ ಸಡಿಲಿಸಿ, ಸ್ಕ್ರೂ ಮುಟ್ಟದೆ, ಕನ್ನಡಿಯನ್ನು ಕೂತಲ್ಲೇ ಅರ್ಧ ಸುತ್ತು ತಿರುಗಿಸಿದರು. ಮತ್ತೆ ಡಬ್ಬಿ ಹಾಕಿ ಕಣ್ಣಿಟ್ಟು ನನ್ನನ್ನು ಕರೆದರು. ನೋಡಿದೆ. ನಡುವೆ ಇದ್ದಿದ್ದರೆ ಟಿಕಳಿ ಇದ್ದಲ್ಲೇ ಇರಬೇಕಿತ್ತು. ಅದು ಚುಕ್ಕೆಯನ್ನು ಬಿಟ್ಟು ದೂರ ಸರಿದಿತ್ತು!

"ಟಿಕಳಿ ಯಾರು ಹಚ್ಚಿದ್ರು?"

"ನನ್ನ ತಂಗಿ ರೇಖಾ ರೀ. ಹೊಸಾ ಲೇಪನ, ಮುಟ್ಲಿಕ್ಕೆ ನನಗ ಅಂಜಿಕಿ. ಆಕಿ ದಿನಾ ಹಚ್ಕೋತಾಳಲ್ಲ, ಕೈ ತಪ್ಪಂಗಿಲ್ಲ ಅಂತ..."

"ಹೆಂಗ ಹಚ್ಚಿದ್ಲು? ಮಲಗಿಸಿ ಇಟ್ಟೋ, ಎದುರಿಗೆ ಹಿಡಕೊಂಡೋ?"

"ಎದುರಿಗೆ ಹಿಡಕೊಂಡು ರೀ."

ಕಾಕು ಗೋಡೆಗೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಯ್ಯ ನನ್ನಪ್ಪಾ, ಮಾರಿಗೆ ಹಚ್ಚಿದಾಂಗ ಹಚ್ಚ್ಯಾಳೋ! ಟಿಕಳಿ ಮಾರಿ ನಡುಕ ಇರ್ತದೇನು? ಮ್ಯಾಲಿರ್ತದ!"

ಅವರು ಕನ್ನಡಿಯ ಅಳತೆಗೆ ಕಾಗದ ಕತ್ತರಿಸಿ, ನಾಲ್ಕು ಮಡಿಕೆ ಮಾಡಿ, ಮೂಲೆ ಚಿವುಟಿ, ಬಿಡಿಸಿ ಮೇಲಿಟ್ಟರು. ನಡುವಿನ ತೂತಿನಿಂದ ಟಿಕಳಿ ಸುಮಾರು ಒಂದು ಸೆಂಟಿಮೀಟರ್ ದೂರವಿತ್ತು. ಹಳೆಯದನ್ನು ಉಗುರಿನಿಂದ ಬಿಡಿಸಿ, ತಮ್ಮ ಪಾಕೀಟಿನಿಂದ ಹೊಸದೊಂದನ್ನು ಆ ತೂತಿನಲ್ಲಿ ಕೂರಿಸಿದರು. ಈ ಸಲ ಸ್ಕ್ರೂ ತಿರುಗಿಸಿದ್ದು ನಾನು. ಕಾಲು ಸುತ್ತು, ಇನ್ನೊಂದಿಷ್ಟು, ಸ್ವಲ್ಪ ಹಿಂದೆ. ಚುಕ್ಕೆ ಟಿಕಳಿಯ ಮೇಲೆ ಬಂದು ನಿಂತಿತು.

ಆಚೆಯಿಂದ ಕಾಕಾ ಕೂಗಿದರು. "ಇನ್ನೂ ಹಿಡೀಲೇನು? ನಾನೂ ಹಪ್ಪಳ ಆಗ್ಲಿಕ್ಕತ್ತೀನಿ!"

ಲೆನ್ಸು ಹಾಕಿ ನೋಡಿದೆ. ಕಪ್ಪು ಬಟ್ಟೆಯ ನಡುವೆ ಸೂಜಿಮೊನೆಯಷ್ಟು ಬೆಳಕು, ದುಂಡಗೆ. ಕಣ್ಣುಜ್ಜಿ ಮತ್ತೆ ನೋಡಿದೆ. ದುಂಡಗೇ ಇತ್ತು. ಕಾಕು ನನ್ನನ್ನು ಸರಿಸಿ ತಾವೂ ನೋಡಿದರು.

"ಪಾಸ್," ಎಂದರು. ಅಷ್ಟು ದೂರದಿಂದಲೂ ಕಾಕಾನಿಗೆ ಕೇಳಿಸಿತು. "ಯಾರು, ನಾನೋ ಅಂವೋ?"

ಮೂರನೆಯ ದಿನ ಬೆಳಿಗ್ಗೆ ಸ್ವಾರಗೇಟಿನ ಎಸ್‌ಟಿಡಿ ಬೂತಿನಿಂದ ಔಷಧಿ ಅಂಗಡಿಗೆ ಫೋನ್ ಮಾಡಿ ರೇಖಾಳನ್ನು ಕರೆಸಿದೆ. ಓಡಿ ಬಂದವಳು ಏದುಸಿರಿನಲ್ಲೇ ಕೇಳಿದಳು. "ಅಣ್ಣಾ, ಮತ್ತ ತಿಕ್ಕಬೇಕೇನೋ?"

"ಇಲ್ಲ. ಕನ್ನಡಿ ಛಲೋ ಅದ. ನೀನ ಅದಕ್ಕ ಹಣಿ ಅದ ಅನ್ಕೊಂಡಿದ್ದಿ."

"ಮತ್ತ ಹಣಿ ಇಲ್ಲೇನು ಅದಕ್ಕ?"

ಕಾತ್ರಜ ಘಾಟು ಏರುವಾಗ ಹಿಂದಿನ ಕಿಟಕಿಯಿಂದ ತಿರುಗಿ ನೋಡಿದೆ. ಎಳೆ ಬಿಸಿಲಿಗೆ ಕೆಳಗೆ ಪುಣೆಯ ಕಿಟಕಿಗಾಜು, ತಗಡು, ಗಾಡಿಗಳೆಲ್ಲ ಚುಕ್ಕಿಗಳಾಗಿ ಹೊಳೆಯುತ್ತಿದ್ದವು. ಒಂದಕ್ಕೂ ಬಾಲವಿರಲಿಲ್ಲ.