ಕಣಕಟ್ಟೆ ಅಜ್ಜಿಯ ಹಚ್ಚೆ

ಅರಸೀಕೆರೆಯಲ್ಲಿ ನನ್ನದೂ ನಮ್ಮ ಯಜಮಾನರದೂ ಒಂದು ಫೋಟೋ ಸ್ಟುಡಿಯೋ. ಮದುವೆಗಳಲ್ಲಿ ವಿಡಿಯೋ ಅವರ ಪಾಲು, ಫೋಟೋ ನನ್ನ ಪಾಲು, ಆಲ್ಬಂ ಮಾಡುವ ತಲೆನೋವೂ ನನ್ನದೇ. ಹೆಂಗಸು ಕ್ಯಾಮೆರಾ ಹಿಡಿದು ಬಂದರೆ ಹೆಣ್ಣಿನ ಕಡೆಯವರಿಗೆ ಸಲೀಸು. ಸೀರೆ ಉಡಿಸುವ ಕೋಣೆಯೊಳಕ್ಕೂ ಬಿಡುತ್ತಾರೆ, ಅಲ್ಲಿನ ಜಗಳಗಳೆಲ್ಲ ಕಿವಿಗೆ ಬೀಳುತ್ತವೆ. ಅವನ್ನು ಬರೆಯಲು ಕೂತರೆ ಈ ತಾಲೂಕಿನಲ್ಲಿ ಮುಂದೆ ನಮ್ಮನ್ನು ಯಾರೂ ಮದುವೆಗೆ ಕರೆಯುವುದಿಲ್ಲ. ಹಾಗಾಗಿ ನನ್ನ ಮರ್ಯಾದೆ ಹೋದ ಕಥೆಯನ್ನಷ್ಟೇ ಹೇಳುತ್ತೇನೆ.

ಒಂದು ಮದುವೆಗೆ ಸಾವಿರಗಟ್ಟಲೆ ಫೋಟೋ ಆಗುತ್ತವೆ. ಒಂದೊಂದನ್ನೂ ಕೂತು ತಿದ್ದುವವರು ಯಾರು? ನನ್ನ ಹತ್ತಿರ ಪ್ಲಗಿನ್ ಇತ್ತು. ಎಡಿಟಿಂಗ್ ಸಾಫ್ಟ್‌ವೇರಿಗೆ ತಗುಲಿಸಿಕೊಳ್ಳುವ ಒಂದು ಪುಟ್ಟ ಪ್ರೋಗ್ರಾಂ ಅದು. ಬಟನ್ ಒತ್ತಿದರೆ ಮೊಡವೆ, ಕಲೆ, ಸುಕ್ಕು, ಬೆವರು ಎಲ್ಲವೂ ಮಾಯ. ಮುಖ ಬೆಳ್ಳಗೆ, ತುಟಿ ಗುಲಾಬಿ. ಇಡೀ ಫೋಲ್ಡರನ್ನು ಅದರ ಬಾಯಿಗೆ ಕೊಟ್ಟು ನಾನು ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಬೀಗರೂ ಬಿಜ್ಜರೂ ಸೋಪಿನ ಜಾಹೀರಾತಿಗೆ ಸಿದ್ಧರಾಗಿರುತ್ತಿದ್ದರು. ಯಾರಾದರೂ ಬಂದು "ಏನ್ ಕೈಚಳಕ ರೀ ನಿಮ್ದು" ಎಂದರೆ ನಾಚಿಕೆಯಿಲ್ಲದೆ ಥ್ಯಾಂಕ್ಸ್ ಹೇಳುತ್ತಿದ್ದೆ.

ಹಳೇಬೀಡಿನಲ್ಲಿ ದೇವರೇ ಒಮ್ಮೆ ಎಚ್ಚರಿಕೆ ಕೊಟ್ಟಿದ್ದ. ದೇವಸ್ಥಾನದ ಗೋಡೆಯ ಮುಂದೆ ಗಂಡು ಹೆಣ್ಣನ್ನು ನಿಲ್ಲಿಸಿ ಮದುವೆಗೆ ಮುಂಚಿನ ಫೋಟೋ ತೆಗೆದಿದ್ದೆ. ಪ್ಲಗಿನ್ನಿಗೆ ಮುಖ ಕಂಡರೆ ಸಾಕು, ಯಾರ ಮುಖ ಎಂದು ಕೇಳುವ ಅಭ್ಯಾಸವಿಲ್ಲ. ಹಿಂದಿನ ಕಲ್ಲಿನ ನರ್ತಕಿಯರಿಗೆಲ್ಲ ಗುಲಾಬಿ ತುಟಿ, ನುಣುಪು ಕೆನ್ನೆ. ಮೂಲೆಯಲ್ಲಿದ್ದ ಒಬ್ಬ ರಾಕ್ಷಸನ ಕೋರೆಹಲ್ಲು ಫಳಫಳ ಹೊಳೆಯುತ್ತಿತ್ತು. ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಗಂಡಿನ ಕಡೆಯವರು ಮಾತ್ರ "ಬ್ಯಾಕ್‌ಗ್ರೌಂಡ್ ಕಲರ್‌ಫುಲ್ಲಾಗಿ ಬಂದಿದೆ" ಎಂದು ಮೆಚ್ಚಿ ಅದನ್ನೇ ದೊಡ್ಡದು ಮಾಡಿಸಿಕೊಂಡು ಹೋದರು. ಅವರೇ ಮೆಚ್ಚಿದ ಮೇಲೆ ನಾನೇಕೆ ಬುದ್ಧಿ ಕಲಿಯಲಿ?

ಆಮೇಲೆ ಬಂದದ್ದು ಕಣಕಟ್ಟೆಯ ಮದುವೆ. ಹೆಣ್ಣಿನ ಅಜ್ಜಿಗೆ ಎಂಬತ್ತು ದಾಟಿತ್ತು. ಮುಹೂರ್ತಕ್ಕೆ ಮುಂಚೆಯೇ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡರು.

"ನಂದೊಂದು ಚೆನ್ನಾಗಿ ಹೊಡಿಯವ್ವ. ನಾನು ಹೋದ್ ಮ್ಯಾಲೆ ಗೋಡೆಗೆ ಹಾಕಾಕೆ ಬೇಕು. ನನ್ ಮಕ್ಳನ್ನ ನಂಬ್ಕಂಡ್ರೆ ಆಧಾರ್ ಕಾರ್ಡಿನ ಫೋಟೋನೇ ದೊಡ್ಡದ್ ಮಾಡ್ಸಿ ಹಾಕ್ಬಿಡ್ತಾರೆ. ಅದ್ರಾಗೆ ನಾನು ಕಳ್ಳಿ ಇದ್ದಂಗಿವ್ನಿ."

ಕುರ್ಚಿಯ ಮೇಲೆ ಕೂರಿಸಿದೆ. ಯಾವುದೋ ಹಳೆಯ ವಿಷಯ ನೆನೆದು ತಾವೇ ನಕ್ಕರು, ಮುಂದಿನ ನಾಲ್ಕೇ ನಾಲ್ಕು ಹಲ್ಲು ಕಂಡವು, ನಾನು ಕ್ಲಿಕ್ಕಿಸಿದೆ. ಆ ಮದುವೆಯಲ್ಲಿ ಅದಕ್ಕಿಂತ ಒಳ್ಳೆಯ ಫೋಟೋ ಇನ್ನೊಂದಿರಲಿಲ್ಲ.

ಆಲ್ಬಂ ಕೊಟ್ಟ ಮೂರನೆಯ ದಿನ ಅಜ್ಜಿ ಹಿರಿಯ ಮಗನನ್ನು ಕರೆದುಕೊಂಡು ಬಸ್ಸು ಹತ್ತಿ ಅಂಗಡಿಗೇ ಬಂದರು. ಆಲ್ಬಂ ತೆರೆದು ಆ ಫೋಟೋದ ಮೇಲೆ ಬೆರಳಿಟ್ಟರು.

"ಈ ಕುರ್ಚಿ ಮ್ಯಾಲೆ ಕೂತಿರೋಳು ಯಾರು?"

"ನೀವೇ ಅಲ್ವಾ ಅಜ್ಜಿ?"

"ನಾನಾದ್ರೆ ನನ್ ಹಚ್ಚೆ ಎಲ್ಲಿ?"

ಆಗ ಅವರ ಮುಖ ನೋಡಿದೆ. ಹುಬ್ಬುಗಳ ನಡುವೆ ಹಸಿರು ಹಚ್ಚೆಯ ಒಂದು ಗೀಟು. ಅದರ ಎರಡೂ ಪಕ್ಕ ಎರಡೆರಡು ಚುಕ್ಕಿ, ಮೇಲೊಂದು. ಗಲ್ಲದ ಮೇಲೆ ಮತ್ತೊಂದು. ಫೋಟೋದಲ್ಲಿ ಹಣೆ ಸುಲಿದ ಮೊಟ್ಟೆಯಂತಿತ್ತು. ಪ್ಲಗಿನ್ ಹಚ್ಚೆಯನ್ನು ಕಲೆ ಎಂದುಕೊಂಡು ಸುಕ್ಕುಗಳ ಜೊತೆಗೆ ಗುಡಿಸಿ ಹಾಕಿತ್ತು.

"ಚೆನ್ನಾಗೇ ಐತಲ್ಲವ್ವ, ಬೆಳ್ಳಗೆ ಬಂದಿದೀಯ" ಎಂದರು ಮಗ.

ಅಜ್ಜಿ ಅವರ ಕಡೆ ತಿರುಗಲೂ ಇಲ್ಲ. "ನಾನು ಹೋದ್ ದಿನ ಒಡವೆ ಎಲ್ಲಾ ಸೊಸೆದೀರು ಬಿಚ್ಕತಾರೆ. ಯಾರೂ ಬಿಚ್ಚಾಕಾಗ್ದೆ ನನ್ ಜೊತೆ ಬರೋದು ಇದೊಂದೇ. ಇದ್ನೂ ನೀನು ಬಿಚ್ಕಂಡ್ಯಲ್ಲೇ!"

"ಒರಿಜಿನಲ್ ಇದೆ ಅಜ್ಜಿ, ಈಗ್ಲೇ ಸರಿ ಮಾಡ್ಕೊಡ್ತೀನಿ" ಎಂದು ಕಂಪ್ಯೂಟರ್ ತೆರೆದೆ. ಇರಲಿಲ್ಲ. ಜಾಗ ಉಳಿಸುವ ಬುದ್ಧಿವಂತಿಕೆಯಲ್ಲಿ, ತಿದ್ದಿದ್ದನ್ನು ಹಳೆಯ ಫೋಟೋದ ಮೇಲೆಯೇ ಸೇವ್ ಮಾಡಲು ನಾನೇ ಹೇಳಿಟ್ಟಿದ್ದೆ. ಕ್ಯಾಮೆರಾದ ಕಾರ್ಡನ್ನು ಅಳಿಸಿ ಅರೇಹಳ್ಳಿಯ ಇನ್ನೊಂದು ಮದುವೆ ತುಂಬಿಸಿಕೊಂಡು ಬಂದಾಗಿತ್ತು. ಆದರೂ ನಗುನಗುತ್ತಾ, "ಹೋಗ್ಲಿ ಬಿಡಿ, ಇಲ್ಲೇ ಇನ್ನೊಂದು ತೆಗೆದುಬಿಡೋಣ" ಎಂದೆ.

ಅಜ್ಜಿ ಬಾಯಿ ತೆರೆದು ತೋರಿಸಿದರು. ಮದುವೆ ಮುಗಿದ ವಾರಕ್ಕೇ ಡಾಕ್ಟರು ಆ ನಾಲ್ಕನ್ನೂ ಕಿತ್ತಿದ್ದರು.

"ಹಲ್ಲಿರೋ ಮುಖದಾಗೆ ಹಚ್ಚೆ ಇಲ್ಲ, ಹಚ್ಚೆ ಇರೋ ಮುಖದಾಗೆ ಹಲ್ಲಿಲ್ಲ. ಅದೇನ್ ಮಾಡ್ತೀಯೋ ಮಾಡು."

ಮೊದಲು ನಾನು ಮಾಡಿದ್ದು ಇನ್ನೊಂದು ಪ್ಲಗಿನ್ ಹುಡುಕಿದ್ದು. ಅದು ಹಚ್ಚೆ ಇರಬೇಕಾದ ಜಾಗದಲ್ಲಿ ಧಾರಾವಾಹಿ ಅತ್ತೆಯರ ಹೊಳೆಯುವ ಬಿಂದಿ ಇಟ್ಟಿತು. ಮೂರನೆಯದು ಅಜ್ಜಿಗೆ ಮೂವತ್ತೆರಡೂ ಹಲ್ಲು ಕೊಟ್ಟು ಕೃತಾರ್ಥವಾಯಿತು. "ಅಜ್ಜಿ ಎಲೆಕ್ಷನ್ನಿಗೆ ನಿಂತಂಗಿದೆ ಕಣೇ, ಓಟು ಕೇಳ್ತಿದಾರೆ" ಎಂದು ಯಜಮಾನರು ಹೊರಗೆ ಹೋಗಿ ನಕ್ಕು ಬಂದರು. ನನಗೆ ಅಳು ಬರುವುದೊಂದು ಬಾಕಿ.

ಬೇರೆ ದಾರಿಯಿಲ್ಲದೆ ಕಲಿಯಲು ಕೂತೆ. ಮಧ್ಯಾಹ್ನ ಅಂಗಡಿ ಖಾಲಿ ಇರುವಾಗ ವಿಡಿಯೋ ನೋಡುವುದು, ಮೌಸ್ ಹಿಡಿದು ಗೀಚುವುದು. ಲೇಯರ್ ಎಂದರೆ ಫೋಟೋದ ಮೇಲೆ ಹೊದಿಸುವ ಗಾಜಿನಂಥ ಹಾಳೆ, ಕೆಟ್ಟರೆ ಆ ಹಾಳೆಯನ್ನಷ್ಟೇ ಎಸೆಯಬಹುದು, ಅಡಿಯ ಫೋಟೋ ಕೆಡುವುದಿಲ್ಲ. ಹನ್ನೆರಡು ವರ್ಷ ಈ ಕಸುಬು ಮಾಡಿದವಳಿಗೆ ಇಷ್ಟೂ ಗೊತ್ತಿರಲಿಲ್ಲ. ಅಡುಗೆ ಭಟ್ಟರಿಗೆ ಅಕ್ಕಿ ತೊಳೆಯಲು ಬರುವುದಿಲ್ಲ ಎಂದಂತೆ!

ಆಷಾಢ ಬಂತು, ಮದುವೆಗಳಿಲ್ಲ. ಭಾನುವಾರ ಲ್ಯಾಪ್‌ಟಾಪ್ ಹೊತ್ತು ಕಣಕಟ್ಟೆ ಬಸ್ಸು ಹತ್ತಿದೆ. ಅಜ್ಜಿಯನ್ನು ಜಗಲಿಯ ಬೆಳಕಿನಲ್ಲಿ ಕೂರಿಸಿ, ನೋಡಿಕೊಂಡು ಫೋಟೋದಲ್ಲಿ ಒಂದು ಗೀಟು, ಆರು ಕಪ್ಪು ಚುಕ್ಕಿ ಇಟ್ಟೆ. ಅಜ್ಜಿ ಬಗ್ಗಿ ನೋಡಿದರು.

"ಇದೇನು, ಕೂಸಿಗಿಡೋ ದೃಷ್ಟಿಬೊಟ್ಟಾ?"

ಕಪ್ಪನ್ನು ಹಸಿರು ಮಾಡಿದೆ. ಚುಕ್ಕಿಯ ಅಂಚು ತೀಡಿ ದುಂಡಗೆ ಮಾಡಿದೆ. ಅದಕ್ಕೂ ತಲೆ ಆಡಿಸಿದರು.

"ನಿನ್ನೆ ಹುಯ್ಸ್ಕಂಡಂಗೈತೆ. ನಾನು ಹುಯ್ಸ್ಕಂಡಿದ್ದು ಲಂಗ ಉಡೋ ವಯಸ್ಸಿನಾಗೆ. ನಾಲ್ಕು ಜನ ಹಿಡ್ಕಂಡಿದ್ರು, ಒಬ್ಬಳ ಕೈ ಕಚ್ಚಿದ್ದೆ." ನನ್ನ ಬೆರಳು ಹಿಡಿದು ತಮ್ಮ ಹಣೆಯ ಮೇಲೆ ಇಟ್ಟುಕೊಂಡರು. "ಮುಟ್ಟಿ ನೋಡು. ಮ್ಯಾಲೈತಾ, ಒಳಗೈತಾ?"

ಒಳಗಿತ್ತು. ಬಣ್ಣ ಚರ್ಮದ ಅಡಿಯಲ್ಲಿ ಇಳಿದು ಅಂಚಿನಲ್ಲಿ ಹರಡಿತ್ತು, ಸುಕ್ಕು ಹಾಯುವ ಕಡೆ ಮುರಿದಿತ್ತು. ಅಂದರೆ ಮೊದಲು ಸುಕ್ಕುಗಳು ವಾಪಸು ಬರಬೇಕು, ಆಮೇಲೆ ಅವುಗಳ ಅಡಿಗೆ ಹಚ್ಚೆ. ಇದನ್ನು ನಾನು ನೋಡಿದ ಯಾವ ವಿಡಿಯೋದವರೂ ಹೇಳಿರಲಿಲ್ಲ.

ಎರಡನೆಯ ಭಾನುವಾರ ಪೂರ್ತಿ ಸುಕ್ಕಿನ ಚೌಕಾಸಿ. "ಇದು ಬ್ಯಾಡ, ನಮ್ಮತ್ತೆ ಕಾಟಕ್ಕೆ ಬಂದಿದ್ದು. ಕಣ್ಣಿನ ಪಕ್ಕದ್ದು ಇರ್ಲಿ, ಅದು ನಕ್ಕು ನಕ್ಕು ಬಂದಿದ್ದು." ಫೋಟೋದಲ್ಲಿ ಅವರ ಹಿಂದೆ ನಾದಿನಿ ನಿಂತಿದ್ದರು. "ಇವಳ ಮೂಗುಬೊಟ್ಟು ಅಳಿಸ್ಬಿಡು, ನಂದಕ್ಕಿಂತ ದೊಡ್ಡದೈತೆ."

"ಒಡವೆ ಬಿಚ್ಚೋ ಕೆಲಸ ಬಿಟ್ಬಿಟ್ಟಿದೀನಿ ಅಜ್ಜಿ."

ಬೊಚ್ಚುಬಾಯಿ ತೆರೆದು ನಕ್ಕರು. ಅತ್ತೆಯ ಸುಕ್ಕನ್ನೂ ನಾನು ಬಿಡಲಿಲ್ಲ, ಹೇಳದೆ ಸೇರಿಸಿದೆ.

ಸುಕ್ಕುಗಳ ಅಡಿಗೆ ಹಚ್ಚೆ ಕೂರಿಸಿ, ಮೂರನೆಯ ಭಾನುವಾರ ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ, ಪೇಪರಿನಲ್ಲಿ ಸುತ್ತಿ ತಂದೆ. ಅಜ್ಜಿ ಬಿಚ್ಚಿ ಒಬ್ಬರೇ ನೋಡಿದರು, ತುಂಬಾ ಹೊತ್ತು. ಅದನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು, ಸೆರಗನ್ನು ಹುಬ್ಬಿನವರೆಗೂ ಎಳೆದುಕೊಂಡು, ಮಕ್ಕಳಿಬ್ಬರನ್ನೂ ಕೂಗಿದರು. ಹಿರಿಯರಿಗೆ ಅರವತ್ತರ ಹತ್ತಿರ, ಕಿರಿಯರಿಗೂ ತಲೆ ನರೆತಿತ್ತು.

"ನನ್ ಹಣೆ ಮ್ಯಾಲೆ ಏನೈತೆ ಹೇಳ್ರೋ."

"ಹಚ್ಚೆ" ಎಂದರು ಹಿರಿಯರು.

"ಹಚ್ಚೆ ಅಂತ ದಾರೀಲಿ ಹೋಗೋನೂ ಹೇಳ್ತಾನೆ. ಹೆಂಗೈತೆ?"

"ಮೂರು ಚುಕ್ಕಿ... ಅಲ್ವೇನವ್ವ?"

"ತುಳಸಿಕಟ್ಟೆ ಥರ ಐತಲ್ಲ" ಎಂದರು ಕಿರಿಯರು.

ಬಾಗಿಲಲ್ಲಿದ್ದ ಸೊಸೆ ಬಾಯಿ ತೆರೆದರು. "ನೀನು ಸುಮ್ಕಿರು, ನಿಂಗೆ ಗೊತ್ತೈತೆ" ಎಂದು ಅಜ್ಜಿ ಗದರಿದರು.

ನನಗೆ ನಗು ಬಂದಿತ್ತು, ನುಂಗಿಕೊಂಡೆ. ಮದುವೆಯ ದಿನವಿಡೀ ಲೆನ್ಸಿನೊಳಗಿಂದ ಅದೇ ಮುಖವನ್ನು ನೋಡಿ, ಆಲ್ಬಮ್ಮಿಗೆ ಅಂಟಿಸಿ, ಹಚ್ಚೆ ಇಲ್ಲದ್ದು ನನಗೂ ಗೊತ್ತಾಗಿರಲಿಲ್ಲ. ಪ್ಲಗಿನ್ನಿಗಾದರೂ ಕಣ್ಣಿಲ್ಲ. ನಾಚಿಕೆಯಾಯಿತು.

ಅಜ್ಜಿ ಸೆರಗು ಸರಿಸಿದರು. "ಬಾರೋ ಇಲ್ಲಿ, ಎಣ್ಸು. ನಾನು ಹೋದ್ ಮ್ಯಾಲೆ ಗೋಡೆ ಮುಂದೆ ನಿಂತ್ಕಂಡು ಎಣ್ಸಾದ್ ಬ್ಯಾಡ."

ಹಿರಿಯ ಮಗ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ತೆಂಗಿನಕಾಯಿ ಸುಲಿದು ಒರಟಾದ ಬೆರಳನ್ನು ಎಲ್ಲಿಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಕೊನೆಗೆ ಗೀಟಿನ ಮೇಲೆ ಇಟ್ಟರು. "ಒಂದು ಗೀಟು" ಎಂದರು. ಆಮೇಲೆ ಒಂದೊಂದೇ ಚುಕ್ಕಿ ಮುಟ್ಟುತ್ತಾ ಎಣಿಸಿದರು. ಹಣೆಯ ಐದೂ ಮುಗಿದು ಗಲ್ಲದ ಆರನೆಯದಕ್ಕೆ ಬಂದಾಗ ದನಿ ಸಣ್ಣಗಾಗಿತ್ತು, ಬೆರಳು ಅಲ್ಲೇ ನಿಂತಿತು. ಎರಡು ಭಾನುವಾರ ನನ್ನ ಒಂದೊಂದು ಚುಕ್ಕಿಗೂ ಸುಕ್ಕಿಗೂ ಒಂದೊಂದು ಮಾತು ಆಡಿದ್ದ ಅಜ್ಜಿ ಕಣ್ಣು ಮುಚ್ಚಿ ಸುಮ್ಮನೆ ಕೂತಿದ್ದರು. ಮಡಿಲಲ್ಲಿದ್ದ ಫೋಟೋವನ್ನು ತಿರುಗಿಸಿ ನೋಡಬೇಕೆಂದು ಯಾರಿಗೂ ನೆನಪಾಗಲಿಲ್ಲ. ನಾನೂ ನೆನಪಿಸಲಿಲ್ಲ.